ಆಕಾಶದಿಂದ ಕರೆ ಬಂದರೆ ಧರ್ಮ ಏನು ಮಾಡೀತು?

ಅನ್ಯಗ್ರಹ ಜೀವಿಗಳ ಸುಳಿವು ಸಿಕ್ಕ ದಿನ ಧರ್ಮ ಮನುಷ್ಯರಿಗೆ ಆಸರೆಯಾದೀತೋ ಅಡ್ಡಿಯಾದೀತೋ ಎಂಬ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಆಯ್ದುಕೊಂಡಿದ್ದೇವೆ. ಈವರೆಗೆ ಅಂಥ ಜೀವಿಯಾಗಲಿ ಸಂಕೇತವಾಗಲಿ ದೃಢಪಟ್ಟಿಲ್ಲ. ಹಾಗಾಗಿ ಉತ್ತರಗಳಿಗೆ ಆಧಾರ, ಭೂಮಿಯ ಮೇಲೇ ನಡೆದುಹೋದ ಸಂಗತಿಗಳು.

ಪ್ರಶ್ನೆ: ಬೇರೆ ಲೋಕದಲ್ಲಿ ಬುದ್ಧಿಯುಳ್ಳ ಜೀವಿಗಳಿವೆ ಎಂದು ನಾಳೆ ಖಚಿತವಾದರೆ ದೇವರು, ಗ್ರಂಥ, ಪುರಾಣ ಎಲ್ಲ ಬಿದ್ದುಹೋಗುವುದಿಲ್ಲವೇ? (ಪದವಿ ವಿದ್ಯಾರ್ಥಿನಿ, ದಾವಣಗೆರೆ)

ಬೀಳುವುದಿಲ್ಲ. ಬಿದ್ದೀತು ಎಂದು ಎಣಿಸುವವರಲ್ಲಿ ಹೆಚ್ಚಿನವರು ಧರ್ಮದ ಹೊರಗೆ ನಿಂತು ನೋಡುವವರು. ಅಮೆರಿಕದ ದೇವತಾಶಾಸ್ತ್ರಜ್ಞ ಟೆಡ್ ಪೀಟರ್ಸ್ 2008ರಲ್ಲಿ ಹಲವು ಮತಗಳವರನ್ನೂ ಯಾವ ಮತಕ್ಕೂ ಸೇರದವರನ್ನೂ ಒಟ್ಟು ಮಾಡಿ 1,300ಕ್ಕೂ ಹೆಚ್ಚು ಜನರನ್ನು ಇದನ್ನೇ ಕೇಳಿದ್ದರು. ತಮ್ಮ ನಂಬಿಕೆ ಅಲುಗಾಡದು ಎಂದವರೇ ಆಸ್ತಿಕರಲ್ಲಿ ಬಹುಪಾಲು. ಆಸ್ತಿಕರ ಗತಿ ಕಷ್ಟ ಎಂಬ ಮಾತು ಹೆಚ್ಚಾಗಿ ಬಂದದ್ದು ನಂಬದವರಿಂದ. ತನ್ನ ಬಗ್ಗೆ ತಾನೇ ನುಡಿಯುವ ಭವಿಷ್ಯ ಪೂರ್ತಿ ನೆಚ್ಚುವಂಥದ್ದಲ್ಲ, ನಿಜ. ಆದರೆ ಸಣ್ಣದೊಂದು ತಾಲೀಮು ಆಗಲೇ ನಡೆದಿದೆ. ಅಂಟಾರ್ಕ್ಟಿಕದಲ್ಲಿ ಸಿಕ್ಕ ಮಂಗಳದ ಉಲ್ಕಾಶಿಲೆಯೊಂದರಲ್ಲಿ ಸೂಕ್ಷ್ಮಜೀವಿಗಳ ಕುರುಹು ಇರಬಹುದು ಎಂದು 1996ರ ಆಗಸ್ಟ್‌ನಲ್ಲಿ ನಾಸಾ ವಿಜ್ಞಾನಿಗಳು ಪ್ರಕಟಿಸಿದಾಗ ಅಧ್ಯಕ್ಷ ಕ್ಲಿಂಟನ್ ಅವರೇ ಮಾಧ್ಯಮದ ಮುಂದೆ ಬಂದು ಮಾತಾಡಿದರು. ಸುದ್ದಿ ಜಗತ್ತೆಲ್ಲ ಹರಡಿತು, ಯಾವ ಧರ್ಮವೂ ಕದಲಲಿಲ್ಲ. ಆ ಕುರುಹು ಜೀವಿಯದ್ದೇ ಎಂಬುದನ್ನು ಮುಂದೆ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ, ಆ ಮಾತು ಬೇರೆ.

ಇನ್ನೊಂದು ಕಾರಣವೆಂದರೆ, ಜಾಗ ಮೊದಲೇ ಇದೆ. ಪುರಾಣಗಳ ಹದಿನಾಲ್ಕು ಲೋಕಗಳು, ಬೌದ್ಧರ ಸಾವಿರ ಸಾವಿರ ಲೋಕಧಾತುಗಳು (ಲೋಕಸಮೂಹಗಳು) ಇವೆ. ಆಕಾಶಗಳಲ್ಲೂ ಭೂಮಿಯಲ್ಲೂ ಜೀವಿಗಳನ್ನು ಹರಡಿದ್ದಾನೆ ಎನ್ನುವ ಕುರ್‌ಆನಿನ 42ನೇ ಅಧ್ಯಾಯದ 29ನೇ ವಚನವಿದೆ. ಕ್ರೈಸ್ತರಲ್ಲಿ 1277ರಷ್ಟು ಹಿಂದೆಯೇ ಪ್ಯಾರಿಸಿನ ಬಿಷಪ್ ಟಾಂಪಿಯೇ 219 ವಾದಗಳನ್ನು ಖಂಡಿಸಿದಾಗ, 'ದೇವರು ಹಲವು ಲೋಕಗಳನ್ನು ಸೃಷ್ಟಿಸಲಾರ' ಎಂಬ ವಾದವೂ ಆ ಪಟ್ಟಿಯಲ್ಲಿತ್ತು. ಅಂದರೆ ಒಂದೇ ಲೋಕ ಎಂದು ಪಟ್ಟು ಹಿಡಿದವರು ಅರಿಸ್ಟಾಟಲನ ಶಿಷ್ಯರು. ಬಾಗಿಲು ತೆರೆದಿಟ್ಟದ್ದು ಬಿಷಪ್.

ತೊಡಕು ಇರುವುದು ಜೀವಿಗಳ ಇರವಿನಲ್ಲಲ್ಲ, ಅವುಗಳ ಸ್ಥಾನಮಾನದಲ್ಲಿ. ಕ್ರಿಸ್ತನ ಅವತಾರ ಭೂಮಿಯಲ್ಲಿ ಒಮ್ಮೆ ಮಾತ್ರ ಆದದ್ದಾದರೆ ಆಚೆಯ ಜೀವಿಗಳ ಪಾಡೇನು? ಜೈನ ಲೋಕವಿಚಾರದಲ್ಲಿ ಮನುಷ್ಯರಿರುವುದು ಎರಡೂವರೆ ದ್ವೀಪಗಳಲ್ಲಿ, ಮಾನುಷೋತ್ತರ ಪರ್ವತದ ಈಚೆಗೆ, ಮೋಕ್ಷ ಮನುಷ್ಯಜನ್ಮದಿಂದಲೇ. ಹಾಗಾದರೆ ಯೋಚಿಸಬಲ್ಲ, ಅಹಿಂಸೆ ಅರಿಯಬಲ್ಲ ಅನ್ಯಗ್ರಹದವರು ಮನುಷ್ಯಗತಿಯವರೋ, ಪಶುಪಕ್ಷಿಗಳ ಸಾಲಿನ ತಿರ್ಯಂಚರೋ? ಪಂಡಿತರು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಉಪಕಾರವೋ ಅಪಕಾರವೋ ಎಂಬುದು ತೀರ್ಮಾನವಾಗುವುದೂ ಇಲ್ಲೇ.

ಪ್ರಶ್ನೆ: ಹಲವು ಲೋಕಗಳಿವೆ ಎಂದ ಬ್ರೂನೋನನ್ನು ಸುಟ್ಟರಲ್ಲವೇ? (ನಿವೃತ್ತ ಅಧ್ಯಾಪಕರು, ಧಾರವಾಡ)

ಇಟಲಿಯ ತತ್ವಜ್ಞಾನಿ ಬ್ರೂನೋನನ್ನು ಸುಟ್ಟರು. 1600ರ ಫೆಬ್ರವರಿ 17, ರೋಮಿನ ಕಾಂಪೊ ದೆ ಫಿಯೋರಿ ಚೌಕದಲ್ಲಿ. 1592ರಲ್ಲಿ ವೆನಿಸ್‌ನಲ್ಲಿ ಹಿಡಿದದ್ದರಿಂದ ಲೆಕ್ಕ ಹಾಕಿದರೆ ವಿಚಾರಣೆ ಏಳು ವರ್ಷಕ್ಕೂ ಮೀರಿ ನಡೆಯಿತು. ಆರೋಪಗಳಲ್ಲಿ ತ್ರಿತ್ವ (ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು), ಕ್ರಿಸ್ತನ ದೈವತ್ವ, ಮೇರಿಯ ಕನ್ಯತ್ವ ಇವುಗಳ ನಿರಾಕರಣೆಯ ಜೊತೆಗೆ ಹಲವು ಲೋಕಗಳ ವಾದವೂ ಇತ್ತು. 'ಏಲಿಯನ್‌ಗಳಿಗಾಗಿ ಪ್ರಾಣ ಕೊಟ್ಟ' ಎಂಬುದು ಅತಿಶಯ. ಅಭಿಪ್ರಾಯಕ್ಕಾಗಿ ಕೊಂದರು ಎಂಬುದು ಅತಿಶಯವಲ್ಲ.

ಅದೇ ಕ್ಯಾಥೊಲಿಕ್ ಚರ್ಚಿಗೆ ಇಂದು ಅಮೆರಿಕದ ಅರಿಜೋನಾದಲ್ಲಿ 1.8 ಮೀಟರ್ ಕನ್ನಡಿಯ ದೂರದರ್ಶಕವಿದೆ. 2009ರ ನವೆಂಬರ್‌ನಲ್ಲಿ ಖಗೋಳ ಜೀವವಿಜ್ಞಾನದ ಮೇಲೆ ವಿಜ್ಞಾನಿಗಳನ್ನು ಕರೆಸಿ ವ್ಯಾಟಿಕನ್‌ನಲ್ಲೇ ಸಭೆ ನಡೆಸಿದೆ. ನಡುವೆ ಬದಲಾದದ್ದೇನು? ಮೂಲ ಸಿದ್ಧಾಂತ ಅಷ್ಟೇನೂ ಬದಲಾಗಲಿಲ್ಲ. 1870ರಲ್ಲಿ ಪೋಪರ ರಾಜ್ಯ ಹೋಯಿತು, ಅದರೊಡನೆ ಅವರ ಪೊಲೀಸೂ ಸೆರೆಮನೆಯೂ ಹೋದವು. ವ್ಯಾಟಿಕನ್ನಿನ ಖಗೋಳ ವೀಕ್ಷಣಾಲಯವನ್ನು ಮತ್ತೆ ಕಟ್ಟಿದ್ದು 1891ರಲ್ಲಿ. ಈ ಕ್ರಮ ಆಕಸ್ಮಿಕ ಎಂದು ನಮಗೆ ತೋರುವುದಿಲ್ಲ.

ಪ್ರಶ್ನೆ: ಮಂಗಳದಲ್ಲಿ ಏಕಾದಶಿ ಯಾವಾಗ? ನಗಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ. (ಓದುಗರು, ಉಡುಪಿ)

ನಗುವ ಪ್ರಶ್ನೆಯಲ್ಲ, ಉತ್ತರದಲ್ಲಿ ಸ್ವಲ್ಪ ನಗೆಯಿದೆ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಹೊತ್ತೇ ಒಂದು ತಿಥಿ. ಮಂಗಳದ ದೊಡ್ಡ ಚಂದ್ರ ಫೋಬೋಸ್ ಒಂದು ಸುತ್ತು ಮುಗಿಸಲು 7 ಗಂಟೆ 39 ನಿಮಿಷ ಸಾಕು. ಅದನ್ನೇ ಹಿಡಿದರೆ ತಿಥಿಗೆ ಸುಮಾರು ಕಾಲು ಗಂಟೆ, ದಿನಕ್ಕೆ ಆರೇಳು ಏಕಾದಶಿ. ಉಪವಾಸ ಸಲೀಸು, ಪಾರಣೆಯದ್ದೇ ಪರದಾಟ. ಉಡುಪಿಯ ಪಂಚಾಂಗವನ್ನೇ ಹಿಡಿದು ನಡೆಯುವುದೊಂದೇ ದಾರಿ.

ಬೇರೆಯವರು ಮಾಡಿದ್ದೂ ಇದನ್ನೇ. ಮಲೇಷ್ಯಾದ ಗಗನಯಾತ್ರಿ 2007ರ ಅಕ್ಟೋಬರ್‌ನಲ್ಲಿ, ರಂಜಾನ್ ನಡುವೆ, ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಆ ದೇಶದ ಇಸ್ಲಾಮೀ ವಿದ್ವಾಂಸರು ಕೈಪಿಡಿಯನ್ನೇ ಬರೆದುಕೊಟ್ಟರು. ನಮಾಜಿನ ವೇಳೆಗೆ ರಾಕೆಟ್ ಹಾರಿದ ಊರಿನ ಗಡಿಯಾರ. ದಿಕ್ಕಿಗೆ ಮೊದಲು ಕಾಬಾ, ಆಗದಿದ್ದರೆ ಕಾಬಾದ ನೇರಕ್ಕೆ ಮೇಲಿನ ಜಾಗ, ಅದೂ ಆಗದಿದ್ದರೆ ಭೂಮಿ, ಕೊನೆಗೆ ಯಾವ ಕಡೆಯಾದರೂ ಸರಿ. ಉಪವಾಸವನ್ನು ಮರಳಿದ ಮೇಲೆ ಮಾಡಬಹುದು. ಆಚರಣೆಯ ನಿಯಮ ಇಷ್ಟು ಬೇಗ ಬಾಗುತ್ತದೆ. ಬಾಗದಿರುವುದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಸ್ಪೇನಿನವರು ಅಮೆರಿಕ ಖಂಡಕ್ಕೆ ಇಳಿದದ್ದು ಅಲ್ಲಿನವರ ಪಾಲಿಗೆ ಏಲಿಯನ್‌ಗಳು ಬಂದಿಳಿದಂತೆಯೇ. ಅಲ್ಲಿ ಧರ್ಮ ಮಾಡಿದ್ದು ಉಪಕಾರವೋ ಅಪಕಾರವೋ? (ಇತಿಹಾಸ ಉಪನ್ಯಾಸಕರು, ಕಲಬುರಗಿ)

ಮೊದಲು ಒಂದನ್ನು ಬದಿಗಿಡಬೇಕು. ಅತಿ ಹೆಚ್ಚು ಜನರನ್ನು ಕೊಂದದ್ದು ಶಿಲುಬೆಯೂ ಅಲ್ಲ, ಕತ್ತಿಯೂ ಅಲ್ಲ. 1520ರಲ್ಲಿ ಮೆಕ್ಸಿಕೊದ ಅಜ್ಟೆಕ್ ರಾಜಧಾನಿಗೆ ನುಗ್ಗಿದ ಸಿಡುಬಿನಂಥ ರೋಗಗಳು. ಅದಕ್ಕೆ ಯಾವ ಮತವೂ ಹೊಣೆಯಲ್ಲ.

ಉಳಿದದ್ದರಲ್ಲಿ ಎರಡೂ ಇದೆ, ಒಂದೇ ಊರಿನಲ್ಲಿ, ಒಂದೇ ಗ್ರಂಥದ ಹೆಸರಿನಲ್ಲಿ. 1511ರ ಡಿಸೆಂಬರ್‌ನಲ್ಲಿ ಕೆರಿಬಿಯನ್ ದ್ವೀಪದ ಊರು ಸಾಂತೊ ದೊಮಿಂಗೊದ ಚರ್ಚಿನಲ್ಲಿ ಡೊಮಿನಿಕನ್ ಪಂಥದ ಸನ್ಯಾಸಿ ಮೊಂತೆಸಿನೋಸ್, ಎದುರಿಗೆ ಕುಳಿತ ವಸಾಹತುಗಾರರನ್ನು 'ಇವರು ಮನುಷ್ಯರಲ್ಲವೇ?' ಎಂದು ಕೇಳಿಬಿಟ್ಟ. ಗಲಾಟೆ ರಾಜನ ತನಕ ಹೋಗಿ ಮರುವರ್ಷ ಬುರ್ಗೋಸ್ ಕಾನೂನುಗಳು ಬಂದವು: ಕಾಗದದ ಮೇಲೆ ಕೆಲವು ರಕ್ಷಣೆ, ನೆಲದ ಮೇಲೆ ಅದೇ ಬಿಟ್ಟಿ ದುಡಿಮೆ. 1513ರಲ್ಲಿ ಇನ್ನೊಂದು ಕಾಗದ ತಯಾರಾಯಿತು. ದೇವರು ಲೋಕವನ್ನು ಸಂತ ಪೀಟರನಿಗೆ ಒಪ್ಪಿಸಿದ, ಅವನ ಉತ್ತರಾಧಿಕಾರಿ ಪೋಪ್ ಈ ನೆಲವನ್ನು ಸ್ಪೇನಿನ ಅರಸರಿಗೆ ಕೊಟ್ಟಿದ್ದಾನೆ, ಶರಣಾಗಿ. ಇಲ್ಲವಾದರೆ ಯುದ್ಧ ಹೂಡಿ ನಿಮ್ಮನ್ನೂ ಹೆಂಡಿರು ಮಕ್ಕಳನ್ನೂ ಗುಲಾಮರನ್ನಾಗಿಸುತ್ತೇವೆ, ಆದ ಹಾನಿಗೆಲ್ಲ ನೀವೇ ಹೊಣೆ, ಎಂದು ಅದರ ಒಕ್ಕಣೆ. ದಾಳಿಗೆ ಮುಂಚೆ ಇದನ್ನು ಗಟ್ಟಿಯಾಗಿ ಓದಬೇಕು, ನೋಟರಿ ಸಹಿ ಹಾಕಬೇಕು. ಕೇಳುವವರಿಗೆ ಆ ಭಾಷೆ ಗೊತ್ತಿರಲಿಲ್ಲ. ಕೆಲವೊಮ್ಮೆ ಕೇಳುವವರೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದು ಎಂದು ಅದರ ಬಗ್ಗೆ ಬರೆದವನು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಅವನೂ ಮೊದಲು ಸ್ಥಳೀಯರನ್ನು ದುಡಿಸಿಕೊಂಡವನೇ. 1514ರಲ್ಲಿ ಅದನ್ನು ಬಿಟ್ಟುಕೊಟ್ಟ.

1537ರಲ್ಲಿ ಪೋಪ್ ಮೂರನೇ ಪಾಲ್, ಇಂಡಿಯನ್ನರು (ಅಮೆರಿಕ ಖಂಡದ ಮೂಲನಿವಾಸಿಗಳು) ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯ, ಆಸ್ತಿ ಕಸಿಯಬಾರದು ಎಂದು ಘೋಷಿಸಿದರು. ಉಲ್ಲಂಘಿಸಿದವರಿಗೆ ಶಿಕ್ಷೆ ವಿಧಿಸುವ ಪತ್ರವನ್ನು ಮರುವರ್ಷವೇ ಸ್ಪೇನನ್ನು ಆಳುತ್ತಿದ್ದ ಚಕ್ರವರ್ತಿಯ ಒತ್ತಡಕ್ಕೆ ಮಣಿದು ಹಿಂಪಡೆದರು. ಸ್ಥಳೀಯರ ದುಡಿಮೆಗೆ ಕಡಿವಾಣ ಹಾಕಿದ 1542ರ ಹೊಸ ಕಾನೂನುಗಳಿಗೆ ಪೆರುವಿನ ಜಮೀನ್ದಾರರು ದಂಗೆಯೆದ್ದು 1546ರಲ್ಲಿ ವೈಸ್‌ರಾಯನನ್ನೇ ಕೊಂದರು. 1550-51ರಲ್ಲಿ ಸ್ಪೇನಿನ ವಯ್ಯಾದೋಲಿದ್ ನಗರದಲ್ಲಿ ಸ್ಥಳೀಯರ ಪರವಾಗಿ ಲಾಸ್ ಕಾಸಾಸ್, ಅವರ ಮೇಲಿನ ಯುದ್ಧದ ಪರವಾಗಿ ಪಂಡಿತ ಸೆಪುಲ್ವೆದಾ ವಾದಿಸಿದರು. ಕೆಲವರು ಹುಟ್ಟಿನಿಂದಲೇ ದಾಸರು ಎಂಬ ಸೆಪುಲ್ವೆದಾನ ಅಸ್ತ್ರ ಬೈಬಲಿನಿಂದ ಬಂದದ್ದಲ್ಲ, ಅರಿಸ್ಟಾಟಲನಿಂದ ಬಂದದ್ದು. ಧರ್ಮವಿಲ್ಲದಿದ್ದರೆ ಶೋಷಣೆಗೆ ಸಬೂಬು ಸಿಗುತ್ತಿರಲಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ತೀರ್ಪು ಬರಲೇ ಇಲ್ಲ.

ನಮ್ಮ ಎಣಿಕೆ ಹೀಗೆ: ಆತ್ಮ ಎಂಬ ಮಾತು ಇದ್ದದ್ದರಿಂದಲೇ, ಗಣಿಯ ಕೂಲಿಯವನ ಪರವಾಗಿ ಚಕ್ರವರ್ತಿಯ ಮುಂದೆ ವಾದಿಸಲು ಒಂದು ನೆಲೆ ಸಿಕ್ಕಿತು. ಬೇರಾವ ಮಾತಿಗೂ ಆಗ ಆ ಶಕ್ತಿ ಇರಲಿಲ್ಲ. ಆದರೆ ಜಾರಿ ಮಾಡುವವರೇ ಲಾಭ ಉಣ್ಣುವವರಾದ ಕಡೆಯೆಲ್ಲ ಅದು ಸೋತಿತು. ಇನ್ನೂ ಒಂದು ಕೊರತೆ ಉಂಟು. ಅವರನ್ನು ಮನುಷ್ಯರೆಂದು ಒಪ್ಪಿದ್ದು ಕ್ರೈಸ್ತರಾಗಬಲ್ಲರು ಎಂಬ ಲೆಕ್ಕದಲ್ಲಿ. ಆ ಲೆಕ್ಕಕ್ಕೆ ಸಿಗದ್ದು ಬೆಂಕಿಗೆ ಹೋಯಿತು: 1562ರಲ್ಲಿ ಮೆಕ್ಸಿಕೊದ ಯುಕಾತಾನಿನ ಮಾನಿ ಊರಿನಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಅಲ್ಲಿನ ಮಾಯಾ ಜನಾಂಗದ ಗ್ರಂಥಗಳನ್ನು ಸುಡಿಸಿದ. ಮಾಯಾ ಲಿಪಿಯನ್ನು ಇಪ್ಪತ್ತನೇ ಶತಮಾನದಲ್ಲಿ ಬಿಡಿಸಲು ನೆರವಾದದ್ದೂ ಅದೇ ಲಾಂದಾ ಬರೆದಿಟ್ಟ ಟಿಪ್ಪಣಿ. ಉಸಿರಾಡದ, ಹುಟ್ಟುಸಾವಿನ ಕ್ರಮವೇ ಬೇರೆಯಾದ ಜೀವಿ ಎದುರಾದಾಗ 'ನಮ್ಮಂತೆ ಆಗಬಲ್ಲುದೇ' ಎಂಬುದೇ ಅಳತೆಯಾದರೆ ಮಾನಿಯ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಂದವರ ಅಳತೆಗೆ ನಾವು ಸಿಗದಿದ್ದರೂ ಅಷ್ಟೇ.

ಪ್ರಶ್ನೆ: ಸಂಕೇತ ಬಂದರೆ ಉತ್ತರ ಕೊಡುವವರು ಯಾರು? ಧರ್ಮಗುರುಗಳಿಗೂ ಅಲ್ಲಿ ಕೆಲಸ ಇದೆಯೇ? (ಎಂಜಿನಿಯರ್, ಬೆಂಗಳೂರು)

ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ 1989ರಲ್ಲಿ ರೂಪಿಸಿ 2010ರಲ್ಲಿ ಪರಿಷ್ಕರಿಸಿದ ನಿಯಮಾವಳಿಯಿದೆ. ಕಾನೂನಲ್ಲ, ಸ್ವಯಂಪ್ರೇರಿತ ಒಪ್ಪಂದ. ಮೊದಲು ಆಂಟೆನಾವನ್ನು ನಕ್ಷತ್ರದಿಂದ ಆಚೆ ತಿರುಗಿಸಿ ನೋಡುವುದು ವಿಜ್ಞಾನಿಗಳ ರೂಢಿ. ಆಗಲೂ ಕೇಳಿಸಿದರೆ ಅದು ನಮ್ಮದೇ ಸದ್ದು. ಬಳಿಕ ಬೇರೊಂದು ವೀಕ್ಷಣಾಲಯ ಸ್ವತಂತ್ರವಾಗಿ ಕಾಣಬೇಕು. ದೃಢಪಟ್ಟರೆ ಇತರ ವಿಜ್ಞಾನಿಗಳಿಗೆ, ಜನರಿಗೆ, ವಿಶ್ವಸಂಸ್ಥೆಗೆ ತಿಳಿಸಬೇಕು. ಜಾಗತಿಕ ಸಮಾಲೋಚನೆಯಿಲ್ಲದೆ ಉತ್ತರ ಕಳಿಸಬಾರದು.

ಎಡವುವುದು ಅವಸರದಲ್ಲಿ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ ಪ್ರಾಕ್ಸಿಮಾ ನಕ್ಷತ್ರದ ಕಡೆಯಿಂದ 982 ಮೆಗಾಹರ್ಟ್ಸ್‌ನಲ್ಲಿ ಬಂದ ಸಂಕೇತ ಮನುಷ್ಯರ ಯಂತ್ರಗಳದ್ದೇ ಎಂದು ಪ್ರಕಟವಾದದ್ದು 2021ರಲ್ಲಿ. ಆದ್ದರಿಂದ ಮಠ, ಮಸೀದಿ, ಚರ್ಚುಗಳವರಿಗೆ ಸಲಹೆ: ಮೊದಲ ವಾರ ಹೇಳಿಕೆ ಬೇಡ. 'ನಮ್ಮ ಗ್ರಂಥದಲ್ಲಿ ಇದು ಆಗಲೇ ಇದೆ' ಎಂದು ಅವಸರಪಟ್ಟವರು, ಸಂಕೇತ ಹುಸಿಯಾದ ದಿನ ಗ್ರಂಥವನ್ನೇ ಸಿಕ್ಕಿಸುತ್ತಾರೆ.

ಕೆಲಸ ಇರುವುದು ಆಮೇಲೆ. ಅತಿ ಹತ್ತಿರದ ಪ್ರಾಕ್ಸಿಮಾಕ್ಕೂ ಮಾತು ಹೋಗಿ ಬರಲು ಎಂಟೂವರೆ ವರ್ಷ ಬೇಕು. 1974ರಲ್ಲಿ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಿಂದ ಕಳಿಸಿದ 1,679 ಬಿಟ್‌ಗಳ ಸಂದೇಶ ಎಂ13 ನಕ್ಷತ್ರಗುಚ್ಛದ ದೂರ ಕ್ರಮಿಸಲು ಸುಮಾರು 25,000 ವರ್ಷ. ಸಂಶೋಧನಾ ಅನುದಾನದ ಆಯಸ್ಸು ಮೂರೋ ಐದೋ ವರ್ಷ. ಕೇಳಿದ್ದೇನು, ಹೇಳಿದ್ದೇನು ಎಂಬುದನ್ನು ನೂರು ತಲೆಮಾರು ಅಕ್ಷರ ತಪ್ಪದೆ ದಾಟಿಸುವ ವಿದ್ಯೆ ವೇದಪಾಠಿಗಳ, ಸನ್ಯಾಸಿಮಠಗಳ ಪರಂಪರೆಯಲ್ಲಿ ಪಳಗಿದಷ್ಟು ಬೇರೆಡೆ ಪಳಗಿಲ್ಲ. ಸಂದೇಶದಲ್ಲಿ ಅವರ ದೇವರ ಹೆಸರು ಸೇರಲೇಬೇಕೆಂದಿಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ನಡುವೆ ಕನ್ನಡವೂ ಇದೆ: 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.' ಅಷ್ಟೇ ಸಾಕಾಯಿತು.

ಪ್ರಶ್ನೆ: ನನ್ನ ತಮ್ಮ ಒಂದು ಗುಂಪು ಸೇರಿದ್ದಾನೆ. ಏಲಿಯನ್‌ಗಳು ಬಂದು ಆಯ್ದವರನ್ನು ಕರೆದೊಯ್ಯುತ್ತಾರಂತೆ. ಹೇಗೆ ಬಿಡಿಸಲಿ? (ಹೆಸರು ಬೇಡ, ಮೈಸೂರು)

ಏಲಿಯನ್ ಇದೆಯೋ ಇಲ್ಲವೋ ಎಂದು ಅವನೊಡನೆ ವಾದಕ್ಕಿಳಿಯಬೇಡಿ, ಗೆಲ್ಲಲಾಗದು. ಹೇಳಿದ ದಿನ ಹುಸಿಯಾದರೆ ಕಣ್ತೆರೆದೀತು ಎಂದೂ ಕಾಯಬೇಡಿ. 1954ರ ಡಿಸೆಂಬರ್ 21ಕ್ಕೆ ಪ್ರಳಯ, ಅದಕ್ಕೆ ಮುಂಚೆ ಹಾರುವ ತಟ್ಟೆ ಬಂದು ಕರೆದೊಯ್ಯುತ್ತದೆ ಎಂದು ಷಿಕಾಗೋ ಬಳಿಯ ಗುಂಪೊಂದು ಕಾದಿತ್ತು. ಏನೂ ಆಗಲಿಲ್ಲ, ಬೆಳಗಾಗುವ ಮುಂಚೆಯೇ 'ನಮ್ಮ ಭಕ್ತಿಯಿಂದ ಪ್ರಳಯ ತಪ್ಪಿತು' ಎಂಬ ಹೊಸ ಸಂದೇಶ ಸಿದ್ಧವಾಗಿತ್ತು.

ನೀವು ನೋಡಬೇಕಾದದ್ದು ನಂಬಿಕೆಯ ವಿಚಿತ್ರತೆಯನ್ನಲ್ಲ. ಸಂಬಳ, ಆಸ್ತಿ ಗುಂಪಿಗೆ ಹೋಗುತ್ತಿದೆಯೇ, ಮನೆಯವರ ಫೋನ್ ಎತ್ತದಂತೆ ಕಟ್ಟಪ್ಪಣೆ ಇದೆಯೇ, ಒಬ್ಬನೇ ಮುಖಂಡನಿಗೆ ಮಾತ್ರ 'ಸಂದೇಶ' ಬರುತ್ತದೆಯೇ, ನಿರ್ದಿಷ್ಟ ದಿನಾಂಕ ಹೇಳುತ್ತಿದ್ದಾರೆಯೇ. ಎಲ್ಲಕ್ಕಿಂತ ಅಪಾಯದ್ದು ದೇಹವನ್ನು ಕಳಚಿಡುವ ಮಾತು. 1997ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಹೆವನ್ಸ್ ಗೇಟ್ ಗುಂಪಿನ 39 ಮಂದಿ ಹೇಲ್-ಬಾಪ್ ಧೂಮಕೇತುವಿನ ಹಿಂದೆ ನೌಕೆ ಬರುತ್ತಿದೆ ಎಂದು ನಂಬಿ ಪ್ರಾಣ ಬಿಟ್ಟರು. ದೇಹವನ್ನು ಅವರು ಕರೆಯುತ್ತಿದ್ದದ್ದು ಬರೀ 'ವಾಹನ' ಎಂದು.

ಬೆದರಿಕೆ, ಗೇಲಿ ಎರಡೂ ಅವನನ್ನು ಗುಂಪಿನ ಕಡೆಗೇ ತಳ್ಳುತ್ತವೆ. ವಾರಕ್ಕೊಮ್ಮೆಯಾದರೂ ಬೇರೆ ವಿಷಯ ಮಾತಾಡಿ: ಕ್ರಿಕೆಟ್, ಅಮ್ಮನ ಮಂಡಿನೋವು, ಏನಾದರೂ. ಜಂಟಿ ಖಾತೆಯಿದ್ದರೆ ಇಬ್ಬರ ಸಹಿಯಿಲ್ಲದೆ ಹಣ ಹೋಗದಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಮನೆಪತ್ರಗಳು ಎಲ್ಲಿವೆ ನೋಡಿಕೊಳ್ಳಿ. ಗುಂಪು ಹೇಳಿದ ದಿನಾಂಕವನ್ನು ಗುರುತು ಹಾಕಿಕೊಂಡು, ಅದರ ಹಿಂದಿನ ವಾರ ಅವನ ಹತ್ತಿರ ಇರಲು ನೋಡಿ. ಸಾಯುವ, ಹೊರಟುಹೋಗುವ ಮಾತು ಒಮ್ಮೆ ಬಂದರೂ ದಿನಾಂಕಕ್ಕೆ ಕಾಯದೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಆ ಕ್ಷಣದ್ದಾದರೆ 112.