ಮೈಲೇಜ್ ಬಿದ್ದಿದೆ, ರೀಮ್ಯಾಪ್ ಮಾಡಿಸಲೇ?

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಕಾರು. ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದದ್ದು ಈಗ 13 ದಾಟುತ್ತಿಲ್ಲ. ಹೋದ ಬೇಸಿಗೆಯಲ್ಲಿ ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ಎಂಜಿನ್ ಹೀಟ್ ಆಗಿ ನಿಂತಿತ್ತು. ರಿಪೇರಿ ಆದಮೇಲೆ ಆ ತೊಂದರೆ ಇಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದರೆ, ಅಂದರೆ ಅದರ ಪ್ರೋಗ್ರಾಂ ಬದಲಿಸಿದರೆ, ಮೈಲೇಜ್ ವಾಪಸ್ ಬರುತ್ತದೆ ಎನ್ನುತ್ತಾರೆ. ಮಾಡಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ಮೊದಲು ಆ ಘಾಟಿ ರಿಪೇರಿಯಲ್ಲಿ ಏನೇನು ಮಾಡಿದರು ಅಂತ ಕೇಳಿ. ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕಿದ್ದಾರೆ ಅನ್ನೋದು ನನ್ನ ಗುಮಾನಿ. ಹೀಟ್ ಆದ ಗಾಡಿಗೆ ಎಷ್ಟೋ ಗ್ಯಾರೇಜ್‌ಗಳಲ್ಲಿ ಇದನ್ನೇ ಮಾಡುತ್ತಾರೆ. ಗಾಡಿ ಮತ್ತೆ ಹೀಟ್ ಆಗೋದಿಲ್ಲ, ಮಾಲೀಕರಿಗೂ ಸಮಾಧಾನ. ನಷ್ಟ ಪೆಟ್ರೋಲ್ ಬಂಕಿನಲ್ಲಿ ಗೊತ್ತಾಗುತ್ತದೆ.

ಎಂಜಿನ್ ಸಾಕಷ್ಟು ಕಾಯುವವರೆಗೆ ಕೂಲೆಂಟನ್ನು (ಎಂಜಿನ್ ತಂಪಾಗಿಸುವ ದ್ರವ) ರೇಡಿಯೇಟರಿಗೆ ಹೋಗಲು ಬಿಡದೆ ತಡೆಯುವುದೇ ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಅದರಲ್ಲೂ ನಿಮ್ಮ ಮಲೆನಾಡಿನ ಮಳೆ-ಚಳಿಯಲ್ಲಿ. ಟೆಂಪರೇಚರ್ ಸೆನ್ಸರ್ ನೋಡಿ ಇಸಿಯು 'ಎಂಜಿನ್ ಇನ್ನೂ ತಣ್ಣಗಿದೆ' ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲ್ ಕೂಡ ಗಟ್ಟಿಯಾಗಿಯೇ ಇರುತ್ತದೆ.

ಪತ್ತೆ ಹಚ್ಚುವುದು ಸುಲಭ. ಸ್ಕ್ಯಾನರ್ ಹಾಕಿಸಿ, ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ, ಕೂಲೆಂಟ್ ಟೆಂಪರೇಚರ್ ನೋಡಿ. 85ರಿಂದ 95 ಡಿಗ್ರಿ ಆಸುಪಾಸು ಇರಬೇಕು. 60-65ರಲ್ಲೇ ನಿಂತಿದ್ದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದ ಹಾಗೇ ಕಚ್ಚಿಕೊಂಡಿದೆ. ಹೊಸದು ಹಾಕಿಸಿ, ಗ್ಯಾಸ್ಕೆಟ್ ಬದಲಿಸಿ, ಬರೀ ನೀರಲ್ಲ, ಕೂಲೆಂಟ್ ತುಂಬಿಸಿ. ಜೊತೆಗೆ ಮೊದಲು ಯಾಕೆ ಹೀಟ್ ಆಯಿತು ಅನ್ನೋದನ್ನೂ ಹುಡುಕಿಸಲೇಬೇಕು. ಫ್ಯಾನ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ನೋಡದೆ ಬರೀ ವಾಲ್ವ್ ಹಾಕಿಸಿದರೆ ಮತ್ತೆ ಘಾಟಿಯಲ್ಲಿ ನಿಲ್ಲುತ್ತೀರಿ.

ಇ20 ಪೆಟ್ರೋಲಿನಿಂದ (ಶೇ 20ರಷ್ಟು ಎಥೆನಾಲ್ ಬೆರೆಸಿದ್ದು) ಹೀಗಾಯಿತಾ ಅಂತ ನೀವು ಯೋಚಿಸಿರಬಹುದು. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದರ ಲೆಕ್ಕದಲ್ಲಿ 17 ಇದ್ದದ್ದು 16ಕ್ಕೆ ಇಳಿಯಬಹುದು. 13ಕ್ಕೆ ಇಳಿಯಲ್ಲ.

ಇನ್ನು ರೀಮ್ಯಾಪ್. ಹಳೇ ಮಾರುತಿ 800ರ ಕಾರ್ಬುರೇಟರ್‌ಗೆ ಸ್ಕ್ರೂ ತಿರುಗಿಸಿ ಟ್ಯೂನ್ ಮಾಡುತ್ತಿದ್ದರಲ್ವಾ, ನಿಮ್ಮ ಕಾರಿನಲ್ಲಿ ಆ ಕೆಲಸವನ್ನು ಇಸಿಯು ಓಡುತ್ತಲೇ ಮಾಡಿಕೊಳ್ಳುತ್ತದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿ ರೀಮ್ಯಾಪ್‌ನಿಂದ ಸಿಗುವುದು ಅತ್ಯಲ್ಪ. ಎಂಜಿನ್ ಕಾಯುವುದೇ ಇಲ್ಲ ಅಂದಮೇಲೆ ಪ್ರೋಗ್ರಾಂ ಬದಲಿಸಿ ಏನು ಉಪಯೋಗ? ಸುಮ್ನೆ ದುಡ್ಡು ದಂಡ.

ಟಯರ್ ಗಾಳಿ, ಏರ್ ಫಿಲ್ಟರ್ ನೀವೇ ನೋಡಿಕೊಳ್ಳಿ. ಒಂದು ರೌಂಡ್ ಹೋಗಿಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು.

ವಾಲ್ವ್ ಹಾಕಿಸಿದ ಮೇಲೆ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯಿರಿ. ಆಗಲೂ 13 ದಾಟದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ. ತುದಿಗೆ ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಇನ್ನೂ ಜಾಸ್ತಿ ಹೋಗುತ್ತಿದೆ ಅಂತ; ಮುಂದಿನ ಅನುಮಾನ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಮೇಲೆ. ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.