ಪ್ರಶ್ನೋತ್ತರ: ಮಗುವಿನ ಲಸಿಕೆ ಮತ್ತು ಸರ್ಕಾರದ ಸಹಾಯಧನ

ಪ್ರಶ್ನೆ: ನನ್ನ ಚೊಚ್ಚಲ ಮಗುವಿಗೆ ಈಗ ಐದು ತಿಂಗಳು. ಬಸಿರಿದ್ದಾಗ ಅಂಗನವಾಡಿಯಲ್ಲಿ ಹೆಸರು ಬರೆಸಿದ್ದರಿಂದ ಮಾತೃವಂದನಾ ಯೋಜನೆಯ ಮೊದಲ ಕಂತು ಬಂದಿದೆ. ಹೆರಿಗೆಯೂ ಲಸಿಕೆಯೂ ಖಾಸಗಿ ಆಸ್ಪತ್ರೆಯಲ್ಲಾದವು. ಎರಡನೆಯ ಕಂತಿಗೆ ಹೋದರೆ, ಮಗುವಿನ ಲಸಿಕೆ ದಾಖಲಾಗಿಲ್ಲ ಎನ್ನುತ್ತಾರೆ. ಹಣ ತೆತ್ತು ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲವೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಲೆಕ್ಕಕ್ಕುಂಟು; ಆದರೆ ಅದು ಸರ್ಕಾರದ ದಾಖಲೆಗೆ ಬಂದಿರಬೇಕು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ ಒಟ್ಟು 5,000 ರೂಪಾಯಿಯನ್ನು 2022ರ ಪರಿಷ್ಕೃತ ನಿಯಮದಂತೆ ಎರಡು ಕಂತುಗಳಲ್ಲಿ ಕೊಡಲಾಗುತ್ತದೆ. ಗರ್ಭಿಣಿಯೆಂದು ನೋಂದಾಯಿಸಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡ ಮೇಲೆ 3,000 ರೂಪಾಯಿ, ಜನನ ನೋಂದಣಿಯಾಗಿ ಮಗುವಿಗೆ ಹದಿನಾಲ್ಕು ವಾರದವರೆಗಿನ ಎಲ್ಲ ಲಸಿಕೆಗಳು ಮುಗಿದ ಮೇಲೆ 2,000 ರೂಪಾಯಿ.

ಹದಿನಾಲ್ಕು ವಾರದವರೆಗಿನವು ಎಂದರೆ ಹುಟ್ಟಿದಾಗ ಕೊಡುವ ಬಿಸಿಜಿ, ಹೆಪಟೈಟಿಸ್ ಬಿ ಮತ್ತು ಪೋಲಿಯೋ ಹನಿ. ಆಮೇಲೆ ಆರು, ಹತ್ತು ಹಾಗೂ ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್, ರೋಟಾವೈರಸ್ ಮತ್ತು ಪೋಲಿಯೋ. ಇವುಗಳ ಜೊತೆಗೆ ಆರು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಪೋಲಿಯೋ ಚುಚ್ಚುಮದ್ದು ಹಾಗೂ ನ್ಯುಮೋಕಾಕಲ್ ಲಸಿಕೆ. ಖಾಸಗಿಯವರು ಪೆಂಟಾವೇಲೆಂಟ್ ಬದಲು ಹೆಕ್ಸಾವೇಲೆಂಟ್ ಹಾಕಿರಬಹುದು. ಪೆಂಟಾವೇಲೆಂಟ್ ತಡೆಯುವ ಐದು ರೋಗಗಳ ರಕ್ಷಣೆಯೂ ಪೋಲಿಯೋ ಚುಚ್ಚುಮದ್ದೂ ಅದರಲ್ಲಿಯೇ ಸೇರಿರುವುದರಿಂದ ಗಾಬರಿ ಬೇಡ.

ತೊಡಕು ಇರುವುದು ಬರಹದಲ್ಲಿ. ಖಾಸಗಿ ಆಸ್ಪತ್ರೆಯವರು ತಮ್ಮದೇ ಪುಸ್ತಕದಲ್ಲಿ ಬರೆದುಕೊಡುತ್ತಾರೆ, ನಿಮ್ಮ ತಾಯಿ ಕಾರ್ಡಿನ ಲಸಿಕೆಯ ಪುಟ ಖಾಲಿಯೇ ಉಳಿಯುತ್ತದೆ. ಆ ಪುಸ್ತಕ, ತಾಯಿ ಕಾರ್ಡು ಮತ್ತು ಜನನ ಪ್ರಮಾಣಪತ್ರ ಮೂರನ್ನೂ ಹಿಡಿದು, ಲಸಿಕೆ ಹಾಕುವ ದಿನವೇ ನಿಮ್ಮ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಿಸ್ಟರ್ ಅವರಿಂದ ಪ್ರತಿ ಲಸಿಕೆಯ ದಿನಾಂಕವನ್ನೂ ಕಾರ್ಡಿನಲ್ಲಿ ಬರೆಸಿ, ಇಲಾಖೆಯ ದಾಖಲೆಗೂ ಸೇರಿಸಲು ಕೇಳಿಕೊಳ್ಳಿ. ಯಾವುದಾದರೂ ಡೋಸ್ ಬಿಟ್ಟುಹೋಗಿದ್ದರೆ ಅದನ್ನೂ ಅಲ್ಲೇ ವಿಚಾರಿಸಿ. ತಡವಾಯಿತೆಂದು ಹಾಕಿಸಿದ ಡೋಸುಗಳನ್ನು ಮತ್ತೆ ಮೊದಲಿನಿಂದ ಹಾಕಿಸಬೇಕಿಲ್ಲ. ನಂತರ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಎರಡನೆಯ ಕಂತಿಗೆ ಅರ್ಜಿ ಕೊಡಿ. ಕೊನೆಯ ಮುಟ್ಟಿನ ದಿನದಿಂದ 570 ದಿನಗಳ ಅವಧಿ ಇರುವುದರಿಂದ ನಿಮಗೆ ಇನ್ನೂ ಕಾಲಾವಕಾಶವಿದೆ. ಹಣ ಬರುವುದು ತಾಯಿಯ ಹೆಸರಿನ, ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಇಷ್ಟಾದರೂ ಬರದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ನನಗೆ ಎರಡನೆಯದೂ ಹೆಣ್ಣು ಮಗು. ಈ ಯೋಜನೆಯಲ್ಲಿ ನನಗೆ ಏನಾದರೂ ಸಿಗುತ್ತದೆಯೇ?
– ಓದುಗರು, ಚಿಂತಾಮಣಿ

ಉತ್ತರ: ಸಿಗುತ್ತದೆ. ಎರಡನೆಯ ಮಗು ಹೆಣ್ಣಾಗಿದ್ದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ. ಲಸಿಕೆಯ ಷರತ್ತು ಇಲ್ಲಿಯೂ ಅದೇ. ಅರ್ಜಿಗೆ ಹೆರಿಗೆಯಿಂದ 270 ದಿನಗಳ ಗಡುವು. ಬಿಪಿಎಲ್ ಕಾರ್ಡ್, ಉದ್ಯೋಗ ಖಾತರಿ ಕಾರ್ಡ್, ಇ–ಶ್ರಮ್ ಕಾರ್ಡ್, ಇಲ್ಲವೇ ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯೆಂಬ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೂ ಸಾಕು. ಸರ್ಕಾರಿ ನೌಕರಿಯಲ್ಲಿ ಕಾಯಂ ಇರುವವರಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಮೆಲ್ಬರ್ನಿನಲ್ಲಿ ನೆಲೆಸಿರುವ ಮಗಳು, ಅಲ್ಲಿ ಲಸಿಕೆ ತಪ್ಪಿದರೆ ಸರ್ಕಾರ ಕೊಡುವ ಹಣವನ್ನೇ ಕಡಿತ ಮಾಡುತ್ತಾರೆ ಎನ್ನುತ್ತಾಳೆ. ಮೊಮ್ಮಗನಿಗೆ ಹತ್ತು ತಿಂಗಳವರೆಗಿನ ಲಸಿಕೆಗಳೆಲ್ಲ ಇಲ್ಲಿಯೇ ಆಗಿವೆ. ಅವು ಅಲ್ಲಿ ನಡೆಯುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಮಗಳು ಹೇಳಿದ್ದು ನಿಜ. ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಲಸಿಕೆ ಪೂರೈಸಿದ ಮಗುವಿನ ತಾಯಿಗೆ ಭತ್ಯೆ ಕೊಡುವ ಕ್ರಮ ಬಂತು. 2016ರ ಜನವರಿಯಿಂದ ಬಿಗಿ ಹೆಚ್ಚಿತು: ತಮಗೆ ಒಪ್ಪಿಗೆಯಿಲ್ಲ ಎಂಬ ಕಾರಣಕ್ಕೆ ಕೊಡುತ್ತಿದ್ದ ವಿನಾಯಿತಿ ರದ್ದಾಗಿ, ವೈದ್ಯಕೀಯ ಕಾರಣಕ್ಕೆ ಮಾತ್ರ ಉಳಿಯಿತು. ಕುಟುಂಬ ಸಹಾಯಧನವೂ ಶಿಶುಪಾಲನಾ ಸಹಾಯಧನವೂ ಇದಕ್ಕೆ ಒಳಪಟ್ಟಿವೆ. ಭಾರತದಲ್ಲಿ ಹಾಕಿಸಿದ ಲಸಿಕೆಗಳನ್ನು ಅಲ್ಲಿನ ವೈದ್ಯರೋ ದಾದಿಯೋ ಪರಿಶೀಲಿಸಿ ರಾಷ್ಟ್ರೀಯ ಲಸಿಕಾ ದಾಖಲೆಗೆ ಸೇರಿಸಬೇಕು. ಆದ್ದರಿಂದ ಮೂಲ ಕಾರ್ಡನ್ನು ತಪ್ಪದೆ ಕಳುಹಿಸಿ. ನಮ್ಮಲ್ಲಿ ಒಂಬತ್ತನೆಯ ತಿಂಗಳಿಗೆ ಹಾಕುವ ದಡಾರದ ಲಸಿಕೆಯನ್ನು ಅಲ್ಲಿನ ವೇಳಾಪಟ್ಟಿಯಲ್ಲಿ ಮೊದಲ ಡೋಸ್ ಎಂದು ಹಿಡಿಯುವುದಿಲ್ಲ. ಹನ್ನೆರಡು ಮತ್ತು ಹದಿನೆಂಟನೆಯ ತಿಂಗಳುಗಳಲ್ಲಿ ಮತ್ತೆ ಹಾಕಿಸಬೇಕಾಗುತ್ತದೆ.

ಪ್ರಶ್ನೆ: ಮಗುವಿನ ಆರೋಗ್ಯ ತಂದೆತಾಯಿಯ ಕರ್ತವ್ಯ. ಅದಕ್ಕೂ ಹಣ ಕೊಡುವುದು ಸರಿಯೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಕೂಲಿಯ ತಾಯಿಗೆ ಲಸಿಕೆಯ ದಿನವೆಂದರೆ ಅಂದಿನ ಕೂಲಿ ಹೋದಂತೆ. ರಾತ್ರಿ ಮಗುವಿಗೆ ಜ್ವರ ಬಂದರೆ ಮರುದಿನದ್ದೂ ಹೋಯಿತು. ಇದನ್ನು ಕರ್ತವ್ಯದ ಮಾತಿನಿಂದ ತುಂಬಿಕೊಡಲಾಗದು. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಶೇಷ ವ್ಯವಸ್ಥೆಯೇನೂ ಇಲ್ಲದ ಹಳ್ಳಿಗಳಲ್ಲಿ ಪೂರ್ಣ ಲಸಿಕೆಯಾದ ಮಕ್ಕಳು ಶೇ 6ರಷ್ಟಿದ್ದರು. ತಪ್ಪದೆ ಶಿಬಿರ ನಡೆಸಿದಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಕೊನೆಗೆ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39. ತಕರಾರು ಮಾಡುವುದಿದ್ದರೆ ನಾನು ಬೇರೆ ಕಡೆ ಮಾಡುತ್ತೇನೆ. ಮಾತೃವಂದನಾ ಹಣ ಹದಿನಾಲ್ಕನೆಯ ವಾರಕ್ಕೆ ಮುಗಿಯುತ್ತದೆ. ದಡಾರ–ರುಬೆಲ್ಲಾದ ಡೋಸುಗಳು ಬರುವುದು ಒಂಬತ್ತನೆಯ ತಿಂಗಳಿಗೆ ಮತ್ತು ಹದಿನಾರರಿಂದ ಇಪ್ಪತ್ನಾಲ್ಕನೆಯ ತಿಂಗಳೊಳಗೆ. ತಾಯಿ ಮತ್ತೆ ಕೂಲಿಗೆ ಹೋಗತೊಡಗುವ ಕಾಲವೂ ಅದೇ. ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ ಯೋಜನೆ ಲಸಿಕೆಯನ್ನು ಷರತ್ತಾಗಿಸಿದ್ದರೂ ಹಣ ಕೈಸೇರುವುದು ಹುಡುಗಿಗೆ ಹದಿನೆಂಟು ತುಂಬಿದ ಮೇಲೆ. ಅಷ್ಟು ದೂರದ ಹಣ ಈ ಗುರುವಾರದ ಕೂಲಿಗೆ ಬದಲಾಗುವುದಿಲ್ಲ. ಈಗಿನ ಕಂತನ್ನು ಮುಂದಕ್ಕೆ ತಳ್ಳಿದರೆ ಬಾಣಂತಿಗೆ ನಷ್ಟವಾಗುವುದರಿಂದ, ದಡಾರದ ಎರಡನೆಯ ಡೋಸಿಗೆಂದು ಸಣ್ಣದೊಂದು ಮೂರನೆಯ ಕಂತನ್ನು ಸೇರಿಸುವುದೇ ಸರಿಯಾದ ತಿದ್ದುಪಡಿ ಎಂಬುದು ನನ್ನ ಅಭಿಪ್ರಾಯ.