ಡೇಟಾ ಕಡಿಮೆ ಇದ್ದರೂ ಪೋಸ್ಟ್‌ಗ್ರೆಸ್ ನಿಧಾನ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಕಳೆದ ವರ್ಷದ ವರದಿ ಎರಡು ಸೆಕೆಂಡಿಗೆ ಬರುತ್ತದೆ. ಈ ವರ್ಷದ್ದು ಡೇಟಾ ಕಡಿಮೆ ಇದ್ದರೂ ಒಂದು ನಿಮಿಷ ಹಿಡಿಯುತ್ತದೆ. ರ‍್ಯಾಮ್ 16 ಜಿಬಿಯಿಂದ 32 ಮಾಡಿದರೆ ಸರಿಯಾಗುತ್ತದಾ?

ಈಗಲೇ ದುಡ್ಡು ಹಾಕಬೇಡಿ. ಇದೇ ತೊಂದರೆಯಲ್ಲಿ ನಾನು ಎರಡು ಮಳೆಗಾಲ ಕಳೆದಿದ್ದೇನೆ.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಅಡಿಕೆ, ಕಾಳುಮೆಣಸು ಕೊಳ್ಳುವ ಒಂದು ಸಂಸ್ಥೆಯ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಖರೀದಿ ಟೇಬಲ್ಲಿನಲ್ಲಿ ಏಳು ವರ್ಷದ್ದು ಸೇರಿ ಸುಮಾರು 20 ಲಕ್ಷ ಸಾಲುಗಳಿವೆ. ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷ ಶುರುವಾಗುತ್ತದೆ, ಜೂನ್ ಹೊತ್ತಿಗೆ ಬಾಕಿ ಪಟ್ಟಿಯ ವರದಿ ಎಳೆದಾಡುತ್ತದೆ. ಎಲ್ಲರೂ ಮಳೆಯನ್ನೇ ದೂರುತ್ತಿದ್ದರು. ಕರೆಂಟ್ ಹೋಗಿ ಬರುತ್ತದೆ, ಯುಪಿಎಸ್ ಹಳತಾಯಿತು, ಲೈನ್ ಸರಿ ಇಲ್ಲ ಅಂತ. ಮಳೆಗಾಲ ಮುಗಿಯುವಾಗ ಅದು ತಾನಾಗಿಯೇ ಸರಿಹೋಗುತ್ತಿತ್ತು. ಹಾಗಾಗಿ ನಾನೂ ಅದನ್ನೇ ನಂಬಿದ್ದೆ.

ಮೂರನೇ ವರ್ಷ ಪೆರ್ಲದ ಕಡೆಯ ಹಿರಿಯರೊಬ್ಬರು ಒದ್ದೆ ಕೊಡೆ ಹಿಡಿದುಕೊಂಡು ಕೌಂಟರ್ ಎದುರು ನಿಂತಿದ್ದರು. ಮುಂಗಡ ಕಳೆದ ಬಾಕಿ ಪಟ್ಟಿ ಬರದೆ ಅವರ ಚೆಕ್ ಬರೆಯುವ ಹಾಗಿರಲಿಲ್ಲ. ಅವರು ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುವುದನ್ನು ಕಂಡು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆವತ್ತೇ ಆ ವರದಿಯ ಕ್ವೆರಿಗೆ, ಅಂದರೆ ಡೇಟಾ ಕೇಳುವ ಆದೇಶಕ್ಕೆ, ಎಕ್ಸ್‌ಪ್ಲೇನ್ ಅನಲೈಸ್ ಹಾಕಿದೆ. ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸಿತು ಅನ್ನುವ ಪ್ಲಾನ್ ಅದು ತೋರಿಸುತ್ತದೆ. ಜೊತೆಗೆ ಬಫರ್ಸ್ ಆಯ್ಕೆ, ಡೇಟಾ ಮೆಮೊರಿಯಲ್ಲೇ ಸಿಕ್ಕಿತಾ ಅಂತ ನೋಡಲು.

ಪ್ಲಾನಿನಲ್ಲಿ ಖರೀದಿ ಟೇಬಲ್ಲಿನ ಎದುರು ಅಂದಾಜು ಸಾಲು 1 ಅಂತಿತ್ತು. ಅದೇ ಗೆರೆಯಲ್ಲಿ, ನಿಜಕ್ಕೂ ಸಿಕ್ಕ ಸಾಲು 61,400. ಕೆಳಗೆ ಮುಂಗಡದ ಟೇಬಲ್, ಬರೀ 6,000 ಸಾಲಿನದ್ದು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು 61,400 ಸಲ! ಗುಣಿಸಿ ನೋಡಿ, ಸುಮಾರು 37 ಕೋಟಿ ಸಾಲು ತಿರುವಿ ಹಾಕಿದಂತಾಯಿತು.

ಇದು ಹೇಗಾಗುತ್ತದೆ ಅಂದರೆ, ಮನೆಗೆ ಒಬ್ಬರು ಊಟಕ್ಕೆ ಬರುತ್ತಾರೆ ಅಂದರೆ ತೋಟಕ್ಕೆ ಹೋಗಿ ಒಂದು ಬಾಳೆಲೆ ಕೊಯ್ದು ತರುತ್ತೇವೆ. ಅದೇ ಸರಿಯಾದ ಕ್ರಮ. ಜಂಬರ, ಅಂದರೆ ಮನೆಯಲ್ಲಿ ದೊಡ್ಡ ಸಮಾರಂಭ, ಇದ್ದರೆ ಹಿಂದಿನ ದಿನವೇ ಎಲೆ ಕೊಯ್ದು ಕಟ್ಟು ಮಾಡಿಡುತ್ತೇವೆ. ಆರುನೂರು ಜನ ಬಂದಾಗ ಒಬ್ಬೊಬ್ಬರಿಗೂ ತೋಟಕ್ಕೆ ಓಡಿದರೆ ಹೇಗಿರುತ್ತದೆ? ಪ್ಲಾನ್ ಆರಿಸುವ ಪೋಸ್ಟ್‌ಗ್ರೆಸ್‌ನ ಭಾಗಕ್ಕೆ ಪ್ಲಾನರ್ ಅನ್ನುತ್ತಾರೆ, ಅದು ಮಾಡಿದ್ದೂ ಅದನ್ನೇ. ಒಂದೇ ಸಾಲು ಅಂದುಕೊಂಡು ನೆಸ್ಟೆಡ್ ಲೂಪ್ ಹಿಡಿಯಿತು, ಅಂದರೆ ಖರೀದಿಯ ಒಂದೊಂದು ಸಾಲಿಗೂ ಮುಂಗಡದ ಟೇಬಲ್ಲಿಗೆ ಹೋಗುವ ದಾರಿ. ಸರಿಯಾದ ಲೆಕ್ಕ ಗೊತ್ತಿದ್ದರೆ ಹ್ಯಾಶ್ ಜಾಯಿನ್ ಹಿಡಿಯುತ್ತಿತ್ತು, ಅಂದರೆ ಮುಂಗಡದ ಟೇಬಲ್ ಒಂದೇ ಸಲ ಓದಿ ಕಟ್ಟು ಮಾಡಿಟ್ಟುಕೊಳ್ಳುತ್ತಿತ್ತು.

ಒಂದೇ ಸಾಲು ಅಂತ ಅದಕ್ಕೆ ಅನಿಸಿದ್ದು ಯಾಕೆ? ಪ್ರತಿ ಕಾಲಮ್ಮಿನಲ್ಲಿ ಜಾಸ್ತಿ ಕಾಣುವ ಮೌಲ್ಯಗಳ ಪಟ್ಟಿಯೊಂದನ್ನು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುತ್ತದೆ. ವರ್ಷದ ಕಾಲಮ್ಮಿನಲ್ಲಿ ಹಳೆಯ ವರ್ಷಗಳೇ ಇದ್ದವು, ಎಲ್ಲ ಸೇರಿದರೆ ನೂರಕ್ಕೆ ನೂರು. ಹೊಸ ವರ್ಷ ಆ ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಅದಕ್ಕೆ ಉಳಿಯುವ ಪಾಲು ಸೊನ್ನೆ. ಅಂದಾಜು ಸೊನ್ನೆಗೆ ಇಳಿದರೂ ಪ್ಲಾನರ್ ಕನಿಷ್ಠ 1 ಅಂತ ಬರೆಯುತ್ತದೆ.

ಈ ಪಟ್ಟಿಯನ್ನು ಹೊಸದು ಮಾಡುವುದು ಆಟೋವ್ಯಾಕ್ಯೂಮ್, ಪೋಸ್ಟ್‌ಗ್ರೆಸ್‌ನಲ್ಲಿ ಹಿನ್ನೆಲೆಯಲ್ಲಿ ತಾನಾಗಿಯೇ ಓಡುವ ಕೆಲಸ. ಆದರೆ ಅದು ದಿನಾ ಮಾಡುವುದಿಲ್ಲ. ಟೇಬಲ್ಲಿನ 10 ಶೇಕಡಾ, ಮತ್ತೆ 50 ಸಾಲು ಬದಲಾದ ಮೇಲೆಯೇ ಮಾಡುತ್ತದೆ. ಅದು ಡೀಫಾಲ್ಟ್. 20 ಲಕ್ಷ ಸಾಲಿಗೆ ಅಂದರೆ 2 ಲಕ್ಷ ಸಾಲು ಬದಲಾಗಬೇಕು. ಮಳೆಗಾಲ ಮುಗಿಯುವಾಗ ಅಷ್ಟು ತುಂಬುತ್ತಿತ್ತು, ಪಟ್ಟಿ ಹೊಸದಾಗುತ್ತಿತ್ತು, ವರದಿ ಚುರುಕಾಗುತ್ತಿತ್ತು. ಟೇಬಲ್ ದೊಡ್ಡದಾದಷ್ಟೂ ಈ ಕಾಯುವಿಕೆ ಉದ್ದವಾಗುತ್ತದೆ. ಹಾಗಾಗಿ ಮೊದಲ ವರ್ಷಗಳಲ್ಲಿ ಈ ತೊಂದರೆ ಕಾಣಿಸಿರಲಿಲ್ಲ.

ಮಾಡಿದ್ದು ಎರಡೇ ಕೆಲಸ. ಖರೀದಿ ಟೇಬಲ್ಲಿಗೆ ಕೈಯಾರೆ ಅನಲೈಸ್ ಕೊಟ್ಟೆ, ಅದು ಆ ಪಟ್ಟಿಯನ್ನು ಕೂಡಲೇ ಹೊಸದು ಮಾಡುವ ಆದೇಶ. ಇದಕ್ಕೆ ಹೆದರಬೇಕಾಗಿಲ್ಲ. ಡೀಫಾಲ್ಟ್ ಇದ್ದರೆ ಅದು ಸುಮಾರು 30,000 ಸಾಲು ಮಾತ್ರ ಆರಿಸಿ ನೋಡುತ್ತದೆ, ಓದು ಬರಹ ಯಾವುದನ್ನೂ ತಡೆಯುವುದಿಲ್ಲ. ಆಮೇಲೆ ಆ ಒಂದು ಟೇಬಲ್ಲಿಗೆ ಮಾತ್ರ ಆಟೋವ್ಯಾಕ್ಯೂಮ್ ಅನಲೈಸ್ ಸ್ಕೇಲ್ ಫ್ಯಾಕ್ಟರ್ (ಮೇಲೆ ಹೇಳಿದ 10 ಶೇಕಡಾ ಇದೇ) 0.1 ಇದ್ದದ್ದನ್ನು 0.01 ಮಾಡಿದೆ. ಈಗ 20 ಸಾವಿರಕ್ಕೊಮ್ಮೆ ಪಟ್ಟಿ ಹೊಸದಾಗುತ್ತದೆ. ವರದಿ ಎರಡು ಸೆಕೆಂಡಿಗೆ ಇಳಿಯಿತು. ಆ ಹಿರಿಯರಿಗೆ ಬಸ್ಸೂ ಸಿಕ್ಕಿತು.

ರ‍್ಯಾಮ್ ವಿಷಯ. ಬಫರ್ಸ್ ಗೆರೆಯಲ್ಲಿ ಹಿಟ್ (ಪೋಸ್ಟ್‌ಗ್ರೆಸ್‌ನ ಮೆಮೊರಿಯಲ್ಲೇ ಸಿಕ್ಕಿದ್ದು) ಮತ್ತು ರೀಡ್ (ಅದರ ಹೊರಗಿನಿಂದ ತಂದದ್ದು) ಅಂತ ಎರಡು ಸಂಖ್ಯೆ ಇರುತ್ತವೆ. ನಮ್ಮದರಲ್ಲಿ ಹಿಟ್ ಲಕ್ಷಗಟ್ಟಲೆ, ರೀಡ್ ಹೆಚ್ಚುಕಡಿಮೆ ಸೊನ್ನೆ. ಅಂದರೆ ಬೇಕಾದದ್ದೆಲ್ಲ ಆಗಲೇ ಮೆಮೊರಿಯಲ್ಲೇ ಇತ್ತು, ಸಿಪಿಯು ಸುಮ್ನೆ ಸುತ್ತುತ್ತಿತ್ತು. ನಿಮ್ಮಲ್ಲೂ ಹಾಗೇ ಇದ್ದರೆ 32 ಅಲ್ಲ, 64 ಹಾಕಿದರೂ ಅಷ್ಟೇ.

ಅನಲೈಸ್ ಆದ ಮೇಲೂ ಅಂದಾಜು ತಪ್ಪಿದ್ದರೆ ಇನ್ನೊಂದು ಕಡೆ ನೋಡಿ. ಗ್ರಾಮ ಪೈವಳಿಕೆ, ತಾಲೂಕು ಮಂಜೇಶ್ವರ ಅಂತ ಎರಡೂ ಷರತ್ತು ಕೊಟ್ಟಿದ್ದೀರಿ ಅನ್ನಿ. ಪೈವಳಿಕೆ ಅಂದ ಮೇಲೆ ಮಂಜೇಶ್ವರವೇ ಅಲ್ವಾ? ನಮಗೆ ಗೊತ್ತು, ಪ್ಲಾನರಿಗೆ ಗೊತ್ತಿಲ್ಲ. ಎರಡನ್ನೂ ಬೇರೆ ಬೇರೆ ಅಂದುಕೊಂಡು ಪಾಲುಗಳನ್ನು ಗುಣಿಸುತ್ತದೆ, ಅಂದಾಜು ತೀರಾ ಕೆಳಗೆ ಬೀಳುತ್ತದೆ. ಇದಕ್ಕೆ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಅನ್ನುವ ಆದೇಶ ಇದೆ, ಎರಡು ಕಾಲಮ್ಮುಗಳ ನಂಟನ್ನು ಲೆಕ್ಕಕ್ಕೆ ತರಲು, 2017ರ 10ನೇ ಆವೃತ್ತಿಯಿಂದ.

ನೆಸ್ಟೆಡ್ ಲೂಪ್ ಅನ್ನೇ ಪೂರ್ತಿ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಬ್ಬರೇ ಊಟಕ್ಕೆ ಬರುವ ದಿನಗಳೇ ಜಾಸ್ತಿ. ಆ ಸಣ್ಣ ಕ್ವೆರಿಗಳೆಲ್ಲ ನಿಧಾನ ಆಗುತ್ತವೆ.

ಎಕ್ಸ್‌ಪ್ಲೇನ್ ಅನಲೈಸ್ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಅಪ್‌ಡೇಟ್, ಡಿಲೀಟ್ ಇದ್ದರೆ ಬಿಗಿನ್ ಹಾಕಿ ಓಡಿಸಿ, ಮುಗಿದ ಮೇಲೆ ರೋಲ್‌ಬ್ಯಾಕ್ ಕೊಡಿ, ಆಗ ಮಾಡಿದ ಬದಲಾವಣೆ ರದ್ದಾಗುತ್ತದೆ. ಕಳೆದ ವರ್ಷದ್ದು, ಈ ವರ್ಷದ್ದು ಎರಡೂ ಪ್ಲಾನ್ ಇಲ್ಲಿ ಹಾಕಿ. ಅಂದಾಜು ಮೊದಲು ತಪ್ಪಿದ ಗೆರೆ ಯಾವುದು ಅಂತ ಒಟ್ಟಿಗೆ ನೋಡೋಣ.